ದೇಶದಲ್ಲಿ ಎಷ್ಟು ಜನಕ್ಕೆ ಕಜ್ಜಿ ಇದೆ? ನಮ್ಮ ಮನೆಯಲ್ಲಿ ಇಬ್ಬರಿಗೆ ಬಂದಿದೆ

ರೇಷ್ಮೆಗೂಡು (ಶಿಡ್ಲಘಟ್ಟ ಕಡೆ)

ಇದನ್ನು ಬರೆಯೋದಕ್ಕೆ ಎರಡು ದಿನ ಹಿಂದೆಮುಂದೆ ನೋಡಿದೆ. ಹೆಸರೇ ಹಾಗಿದೆ. ಜ್ವರ ಅಂದರೆ ಪಾಪ ಅನ್ನುತ್ತಾರೆ, ಕಜ್ಜಿ ಅಂದರೆ ಕುರ್ಚಿ ದೂರ ಎಳೆದುಕೊಳ್ಳುತ್ತಾರೆ.

ಮಗ ಏಳನೇ ಕ್ಲಾಸು, ವಸತಿ ಶಾಲೆಯಲ್ಲಿದ್ದಾನೆ. ಹಬ್ಬಕ್ಕೆ ಬಂದವನು ರಾತ್ರಿಯೆಲ್ಲ ಕೆರೆದುಕೊಂಡ. ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ, ಮಣಿಕಟ್ಟು ಕೆಂಪು, ಉಡಿದಾರದ ಸುತ್ತ ಗಾಯ. ಸೊಳ್ಳೆ ಇರಬೇಕು ಅಂದುಕೊಂಡು ಮೆಡಿಕಲ್ ಸ್ಟೋರಲ್ಲಿ ಕೇಳಿ ಒಂದು ಟ್ಯೂಬು ತಂದು ಹಚ್ಚಿದೆ. ನಾಲ್ಕು ದಿನ ಕಮ್ಮಿಯಾಯಿತು. ಐದನೇ ದಿನದಿಂದ ಎರಡರಷ್ಟು. ಒಂದು ತಿಂಗಳು ಕಳೆಯುವಷ್ಟರಲ್ಲಿ ಮಗಳಿಗೂ ಶುರು. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದರೆ, ಕೈ ತಿರುಗಿಸಿ ನೋಡಿದವರೇ "ಕಜ್ಜಿ ಅಮ್ಮ, ಮನೆಯವರೆಲ್ಲ ಒಟ್ಟಿಗೆ ಔಷಧ ಹಚ್ಚಬೇಕು. ಈಗ ಎಲ್ಲ ಕಡೆ ಇದೆ" ಅಂದರು.

ಎಲ್ಲ ಕಡೆ ಅಂದರೆ ಎಷ್ಟು? ನೂರಕ್ಕೆ ಎಷ್ಟು ಜನ? ಇದನ್ನು ಕೇಳುತ್ತಿರುವುದು ಅತ್ತೆಗೋಸ್ಕರ. "ನಮ್ಮ ಮನೆತನದಲ್ಲಿ ಯಾರಿಗೂ ಇಂಥದ್ದು ಬಂದಿಲ್ಲ, ನನಗೆ ಯಾಕೆ ಔಷಧ" ಅಂತ ಅವರು ಕೂತಿದ್ದಾರೆ. ಒಂದು ಸಂಖ್ಯೆ ಸಿಕ್ಕರೆ ಅವರ ಮುಂದೆ ಇಡಬಹುದು.

ಇನ್ನೊಂದು ಪೇಚು ಇದೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡೋದಕ್ಕೆ ಹಾಗನ್ನುತ್ತೇವೆ) ಎದ್ದಿದೆ, ಇನ್ನೊಂದು ವಾರದಲ್ಲಿ ಹಣ್ಣಾಗಿ ಗೂಡು ಕಟ್ಟೋದಕ್ಕೆ ಶುರು ಮಾಡುತ್ತದೆ. ಡಾಕ್ಟರು ಬರೆದ ಮುಲಾಮು ಪರ್ಮೆಥ್ರಿನ್. ಅದು ಕೀಟನಾಶಕದ ಜಾತಿಯದ್ದು ಅಂತ ಟ್ಯೂಬಿನ ಜೊತೆ ಬಂದ ಚೀಟಿಯಲ್ಲಿ ಓದಿ ಎದೆ ಧಸಕ್ ಅಂತು. ಅದನ್ನು ಕೈಗೆ ಹಚ್ಚಿಕೊಂಡು ಸೊಪ್ಪು ಹಾಕೋದು ಹೇಗೆ?

ಟೊಮೆಟೊ ಬಾಕ್ಸ್ (ಕೋಲಾರ)

ಹುಳ ಸಾಕೋ ಮನೆಗೆ ಹುಳ ಬಂತು ಅನ್ನಿ 😄 ತಮಾಷೆಗೆ ಹೇಳಿದೆ ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆಯೂ ಇದೆ. ನನ್ನ ಅನುಮಾನ ನೀರಿನ ಮೇಲೆ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡುವ ನೀರು, ಕೆರೆಗೆ ಬಂದಮೇಲೆ ತುರಿಕೆ ಜಾಸ್ತಿ ಆಯಿತು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ.

ಚಾಂಪಿಯನ್ ರೀಫ್ ಹುಡುಗಿ (ಕೆಜಿಎಫ್)

ನೀರಿನ ಜಗಳ ಇಲ್ಲಿ ಬೇಡ ಅಣ್ಣ. ಅದು ಬೇರೆ ಚರ್ಚೆ, ನಾನೂ ಬರುತ್ತೇನೆ. ಕೆರೆ ನೀರಿಂದ ಬೇರೆ ತುರಿಕೆ ಬರಬಹುದು, ಕಜ್ಜಿ ಮಾತ್ರ ನೀರಲ್ಲಿ ಬರುವುದಿಲ್ಲ. ನಾನು ಲ್ಯಾಬ್ ಟೆಕ್ನಿಷಿಯನ್. ಆ ಹುಳವನ್ನು ಕಣ್ಣಾರೆ ನೋಡಿದ್ದೇನೆ.

ಬೆರಳ ಸಂದಿಯಲ್ಲಿ ಕೂದಲೆಳೆಯಂಥ ಒಂದು ಗೆರೆ ಇರುತ್ತದೆ, ಸ್ವಲ್ಪ ಸೊಟ್ಟ. ಅದರ ತುದಿಗೆ ಒಂದು ಹನಿ ಎಣ್ಣೆ ಬಿಟ್ಟು, ಬ್ಲೇಡಿನಿಂದ ರಕ್ತ ಬರದ ಹಾಗೆ ಕೆರೆದು ಗಾಜಿನ ಮೇಲೆ ಇಟ್ಟು ಮೈಕ್ರೋಸ್ಕೋಪಲ್ಲಿ ನೋಡಬೇಕು. ಹತ್ತು ಸಲ ನೋಡಿದರೆ ಎಂಟು ಸಲ ಏನೂ ಸಿಗುವುದಿಲ್ಲ. ಸಿಕ್ಕಿದ ದಿನ ಲ್ಯಾಬಲ್ಲಿ ಇದ್ದವರನ್ನೆಲ್ಲ ಕರೆದು ತೋರಿಸುತ್ತೇವೆ. ಆಮೆ ಥರ ದುಂಡಗಿನ ಮೈ, ಗಿಡ್ಡ ಎಂಟು ಕಾಲು. ಪಕ್ಕದಲ್ಲಿ ಮೊಟ್ಟೆ, ಕಂದು ಬಣ್ಣದ ಹಿಕ್ಕೆ. ಹೆಣ್ಣು ಹುಳ ಅರ್ಧ ಮಿಲಿಮೀಟರೂ ಇರುವುದಿಲ್ಲ. ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದುಕೊಂಡು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಾ ಹೋಗುತ್ತದೆ.

ನನಗೆ ಆಶ್ಚರ್ಯ ಆಗಿದ್ದು ಇದು. ಇಷ್ಟೆಲ್ಲ ಕೆರೆತಕ್ಕೆ ಒಬ್ಬರ ಮೈಯಲ್ಲಿ ಸಾಮಾನ್ಯವಾಗಿ ಇರುವುದು ಬರೀ ಹತ್ತು ಹದಿನೈದು ಹುಳ. ಹುಳ, ಅದರ ಮೊಟ್ಟೆ, ಹಿಕ್ಕೆ ಇವಕ್ಕೆಲ್ಲ ಮೈ ಒಗ್ಗದೆ ತುರಿಕೆ ಬರುತ್ತದೆ. ಹಾಗಾಗಿ ಮೊದಲ ಸಲ ಹತ್ತಿದಾಗ ನಾಲ್ಕರಿಂದ ಆರು ವಾರ ಏನೂ ಗೊತ್ತಾಗುವುದೇ ಇಲ್ಲ. ಅಷ್ಟು ದಿನವೂ ಬೇರೆಯವರಿಗೆ ಹರಡುತ್ತಿರುತ್ತದೆ. ರೇಷ್ಮೆಗೂಡು ಅಕ್ಕ, ಮಗಳಿಗೆ ಒಂದು ತಿಂಗಳ ಮೇಲೆ ಬಂತು ಅಂದಿರಲ್ಲ, ಲೆಕ್ಕ ಸರಿಯಾಗಿದೆ. ಅತ್ತೆಗೆ ತುರಿಕೆ ಇಲ್ಲ ಅಂದಮಾತ್ರಕ್ಕೆ ಹುಳ ಇಲ್ಲ ಅಂತ ಅಲ್ಲ.

ನಂದಿ 1478 (ಚಿಕ್ಕಬಳ್ಳಾಪುರ)

ಮೊದಲು ಸಂಖ್ಯೆ ಹೇಳುತ್ತೇನೆ. ಅದನ್ನು ಯಾಕೆ ಅತ್ತೆ ಮುಂದೆ ಇಡಬಾರದು ಅಂತ ಆಮೇಲೆ ಹೇಳುತ್ತೇನೆ. ಗಣಿತದ ಮೇಷ್ಟ್ರು, ಅಭ್ಯಾಸಬಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಯಾವುದೇ ಒಂದು ದಿನ ನೋಡಿದರೂ ಪ್ರಪಂಚದಲ್ಲಿ 20 ಕೋಟಿಗೂ ಹೆಚ್ಚು ಜನಕ್ಕೆ ಕಜ್ಜಿ ಇರುತ್ತದೆ. ವರ್ಷವಿಡೀ ಲೆಕ್ಕ ಹಾಕಿದರೆ 40 ಕೋಟಿ ದಾಟುತ್ತದೆ. ಎರಡೂ ನಿಜ, ಅಳೆಯುವ ವಸ್ತು ಬೇರೆ. ಇವತ್ತು ಕೆರೆಯಲ್ಲಿ ಎಷ್ಟು ನೀರಿದೆ ಅನ್ನುವುದು ಒಂದು. ವರ್ಷಕ್ಕೆ ಕೆರೆಗೆ ಎಷ್ಟು ನೀರು ಹರಿದು ಬಂತು ಅನ್ನುವುದು ಇನ್ನೊಂದು. ಪೇಪರಿನವರು ಇವೆರಡನ್ನೂ ಕಲಸಿ ಬರೆಯುತ್ತಾರೆ, ಓದಿದವರು ಗಾಬರಿಯಾಗುತ್ತಾರೆ.

800 ಕೋಟಿ ಜನರಲ್ಲಿ 20 ಕೋಟಿ ಅಂದರೆ ನಲವತ್ತಕ್ಕೆ ಒಬ್ಬರು. ಶೇ. 2.5.

ಟೊಮೆಟೊ ಬಾಕ್ಸ್

ಹಾಗಾದರೆ ನಮ್ಮ ದೇಶದ 140 ಕೋಟಿಗೆ ಮೂರೂವರೆ ಕೋಟಿ. ಮುಗೀತಲ್ಲ ಮೇಷ್ಟ್ರೇ.

ನಂದಿ 1478

ಇದಕ್ಕೇ ಮುಂಚೆ ಹೇಳಿದ್ದು. ಹಾಗೆ ಗುಣಿಸಬಾರದು. ಕರ್ನಾಟಕದ ಸರಾಸರಿ ಮಳೆ ಹಿಡಿದುಕೊಂಡು ಪಾವಗಡದಲ್ಲಿ ಭತ್ತ ನಾಟಿ ಮಾಡಿದ ಹಾಗಾಗುತ್ತದೆ. ಆಗುಂಬೆಯೂ ಅದೇ ಸರಾಸರಿಯ ಒಳಗಿದೆ.

ಕಜ್ಜಿ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ, ಗುಂಪು ಗುಂಪಾಗಿರುತ್ತದೆ. ಬೇರೆ ಬೇರೆ ದೇಶಗಳಲ್ಲಿ ಜನರನ್ನು ನೋಡಿ ಮಾಡಿದ ಸಮೀಕ್ಷೆಗಳನ್ನೆಲ್ಲ ಒಟ್ಟು ಹಾಕಿದ ಒಂದು ಪರಿಶೀಲನೆ 2015ರಲ್ಲಿ ಬಂತು. ಅದರಲ್ಲಿ ಅತಿ ಕಡಿಮೆ ಶೇ. 0.2, ಅತಿ ಹೆಚ್ಚು ಶೇ. 71.4. ಇವೆರಡರ ನಡುವೆ ಯಾವ ಸರಾಸರಿ ತೆಗೆದು ಏನು ಮಾಡುತ್ತೀರಿ? ಆಸ್ಟ್ರೇಲಿಯಾದಂಥ ಶ್ರೀಮಂತ ದೇಶ ನೋಡಿ. ಸಿಟಿಗಳಲ್ಲಿ ಕಡಿಮೆ. ಉತ್ತರದ ಒಳನಾಡಿನ ಮೂಲನಿವಾಸಿಗಳ ಹಳ್ಳಿಗಳಲ್ಲಿ ದಶಕಗಳಿಂದ ಜಾಸ್ತಿ. ದೇಶದ ಸರಾಸರಿ ಹೇಳಿದರೆ ಆ ಹಳ್ಳಿಗಳು ಲೆಕ್ಕದಿಂದಲೇ ಮಾಯ.

ಇಡೀ ದೇಶದ ಲೆಕ್ಕ ಸರಿಯಾಗಿ ಮಾಡಿದವರು ಅಂದರೆ ಫಿಜಿಯವರು. ಒಂಬತ್ತು ಲಕ್ಷ ಚಿಲ್ಲರೆ ಜನಸಂಖ್ಯೆಯ ದ್ವೀಪ ದೇಶ. 2007ರಲ್ಲಿ ಊರೂರಿಗೆ ಹೋಗಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಚರ್ಮ ನೋಡಿದರು. ಶೇ. 23.6 ಜನಕ್ಕೆ ಕಜ್ಜಿ ಸಿಕ್ಕಿತು, ಅಂದರೆ ಹೆಚ್ಚೂ ಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 40 ದಾಟಿತ್ತು.

ಬಾಗೇಪಲ್ಲಿ ಬಯಲು

ಲೆಕ್ಕ ಹಾಕೋದಕ್ಕೆ ಮುಂಚೆ ಹೆಸರು ಸರಿ ಮಾಡಿಕೊಳ್ಳಿ. ನಮ್ಮ ಕಡೆ ಮನೆಯಲ್ಲಿ ತೆಲುಗು, "ಗಜ್ಜಿ" ಅನ್ನುತ್ತೇವೆ. ಶಾಲೆಯಲ್ಲಿ ಕಜ್ಜಿ. ಆಸ್ಪತ್ರೆಯಲ್ಲಿ ಸ್ಕೇಬಿಸ್. ನಮ್ಮಜ್ಜಿಗೆ ಮೈಮೇಲೆ ಎದ್ದಿದ್ದೆಲ್ಲ ಗಜ್ಜಿಯೇ, ಹುಳಕಡ್ಡಿಯೂ ಗಜ್ಜಿ, ಬೆವರುಸಾಲೆಯೂ ಗಜ್ಜಿ.

ಚಾಂಪಿಯನ್ ರೀಫ್ ಹುಡುಗಿ

ನಮ್ಮ ಮನೆಯಲ್ಲಿ ತಮಿಳು. ಸೊರಿ, ಸಿರಂಗು. "ಕಜ್ಜಿ ಇದೆಯಾ" ಅಂತ ಕೇಳಿದರೆ ನಮ್ಮಮ್ಮ ಇಲ್ಲ ಅನ್ನುತ್ತಾರೆ, "ಸೊರಿ" ಅಂದರೆ ಕೈ ಮುಂದೆ ಚಾಚುತ್ತಾರೆ.

ಗುಲಾಬಿ ಸೀರೆ (ಗೌರಿಬಿದನೂರು)

ನಾನು ಆಶಾ ಕಾರ್ಯಕರ್ತೆ. ಇಲ್ಲಿ ದೊಡ್ಡ ದೊಡ್ಡ ಲೆಕ್ಕ ನಡೀತಿದೆ, ನಾನು ನನ್ನ ಬೀದಿಯದ್ದು ಹೇಳುತ್ತೇನೆ.

ಕುಷ್ಠರೋಗ ಪತ್ತೆಗೆ ಮನೆಮನೆಗೆ ಹೋಗುತ್ತೇವೆ. ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದೆಯಾ ಅಂತ ಕೇಳಬೇಕು. ಮಚ್ಚೆ ಯಾರೂ ತೋರಿಸುವುದಿಲ್ಲ, ಕಜ್ಜಿ ತೋರಿಸುತ್ತಾರೆ. "ಅಕ್ಕಾ, ಮಗೂಗೆ ಇದೇನು ನೋಡು" ಅಂತ ಅಂಗಾಲು ಎತ್ತಿ ಹಿಡಿಯುತ್ತಾರೆ. ಕೂಸುಗಳಿಗೆ ಅಂಗೈ, ಅಂಗಾಲಿಗೂ ಬರುತ್ತದೆ, ದೊಡ್ಡವರಿಗೆ ಅಲ್ಲಿ ಅಷ್ಟಾಗಿ ಬರುವುದಿಲ್ಲ. ನನ್ನ ಕೈಯಲ್ಲಿರುವ ನಮೂನೆಯಲ್ಲಿ ಮಚ್ಚೆಗೆ ಕಾಲಂ ಇದೆ, ಇದಕ್ಕೆ ಇಲ್ಲ. ಆಸ್ಪತ್ರೆಗೆ ಹೋಗಿ ಅಂತ ಹೇಳಿ ಮುಂದಿನ ಮನೆಗೆ ಹೋಗುತ್ತೇನೆ. ಆ ಮಗು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಶಾಲೆಗೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ಡಾಕ್ಟರು ಬಂದು ಮಕ್ಕಳನ್ನು ನೋಡುತ್ತಾರಲ್ಲ, ಅವರ ಪಟ್ಟಿಯಲ್ಲಿ "ಚರ್ಮದ ತೊಂದರೆ" ಅಂತ ಒಂದೇ ಸಾಲು. ಕಜ್ಜಿ, ಹುಳಕಡ್ಡಿ, ಬಿಳಿ ತೊನ್ನು ಎಲ್ಲ ಅದರೊಳಗೇ.

ಗಂಡಸರಂತೂ ತೋರಿಸುವುದೇ ಇಲ್ಲ. ಅವರಿಗೆ ಬರುವ ಜಾಗ ಅಂಥದ್ದು. ಹೆಂಡತಿ ಬಂದು ಕಿವಿಯಲ್ಲಿ ಹೇಳಬೇಕು.

ಮಧುಗಿರಿ ಬಂಡೆ

ಚರ್ಮರೋಗ ವೈದ್ಯೆ. ತುಮಕೂರು ಜಿಲ್ಲೆಯವಳೇ.

ಆಶಾ ಅಕ್ಕ ಹೇಳಿದ್ದು ಬಹಳ ಮುಖ್ಯವಾದ ಮಾತು. ಇನ್ನೊಂದು ಸೇರಿಸುತ್ತೇನೆ. "ನಮ್ಮ ಒಪಿಡಿಯಲ್ಲಿ ನೂರಕ್ಕೆ ಇಷ್ಟು ಕಜ್ಜಿ" ಅಂತ ಆಸ್ಪತ್ರೆಗಳ ಲೆಕ್ಕ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಓದಿ ಊರಲ್ಲೂ ಅಷ್ಟೇ ಇದೆ ಅಂದುಕೊಳ್ಳಬೇಡಿ. ಚರ್ಮದ ವಿಭಾಗಕ್ಕೆ ಬರುವವರು ಚರ್ಮದ ತೊಂದರೆ ಇರುವವರೇ. ಬಸ್ ಸ್ಟ್ಯಾಂಡಿನಲ್ಲಿ ನಿಂತು "ನಮ್ಮೂರಲ್ಲಿ ನೂರಕ್ಕೆ ನೂರು ಜನ ಎಲ್ಲಿಗೋ ಹೊರಟಿದ್ದಾರೆ" ಅಂದ ಹಾಗಾಗುತ್ತದೆ.

ಯಾವುದನ್ನು ಕಜ್ಜಿ ಅಂತ ಎಣಿಸಬೇಕು ಅನ್ನುವುದಕ್ಕೇ ಬಹಳ ವರ್ಷ ಒಮ್ಮತ ಇರಲಿಲ್ಲ. 2020ರಲ್ಲಿ ತಜ್ಞರು ಸೇರಿ ಮೂರು ಮೆಟ್ಟಿಲು ಮಾಡಿದರು. ಹುಳವೋ ಮೊಟ್ಟೆಯೋ ಕಣ್ಣಿಗೆ ಬಿದ್ದರೆ ಖಚಿತ. ಬಿಲದ ಗೆರೆ ಕಂಡರೆ, ಇಲ್ಲವೇ ಗಂಡಸರ ಗುಪ್ತಾಂಗದ ಮೇಲೆ ಅದೇ ಥರದ ಗುಳ್ಳೆ ಇದ್ದರೆ, ಇಲ್ಲವೇ ಗುಳ್ಳೆ ಇರಬೇಕಾದ ಜಾಗದಲ್ಲಿದ್ದು ತುರಿಕೆಯೂ ಇದ್ದು ಮನೆಯಲ್ಲೋ ಹಾಸ್ಟೆಲಲ್ಲೋ ಇನ್ನೊಬ್ಬರಿಗೂ ಇದ್ದರೆ ಎರಡನೇ ಮೆಟ್ಟಿಲು. ಅಷ್ಟೂ ಕೂಡಿ ಬರದಿದ್ದರೆ ಅನುಮಾನ. ಲ್ಯಾಬ್ ಇಲ್ಲದ ಹಳ್ಳಿಯಲ್ಲೂ ಈಗ ಎಣಿಸಬಹುದು. ಮೈಯೆಲ್ಲ ಬಿಚ್ಚಿಸುವ ಅಗತ್ಯವೂ ಇಲ್ಲ. ಕೈ, ಪಾದ, ಮೊಣಕಾಲಿನ ಕೆಳಗೆ ಇಷ್ಟು ನೋಡಿದರೆ ಹತ್ತರಲ್ಲಿ ಒಂಬತ್ತು ಸಿಕ್ಕಿಬಿಡುತ್ತವೆ.

ಬಿಲದ ಗೆರೆ ಕಾಣದಿದ್ದರೆ ಹಳೇ ಉಪಾಯ ಒಂದಿದೆ, ನನಗೆ ಈಗಲೂ ಇಷ್ಟ. ಫೌಂಟನ್ ಪೆನ್ನಿನ ಇಂಕನ್ನು ಆ ಜಾಗಕ್ಕೆ ಸವರಿ, ಸ್ಪಿರಿಟ್ ಹತ್ತಿಯಿಂದ ಒರೆಸಿಬಿಡುವುದು. ಬಿಲದೊಳಗೆ ಇಳಿದ ಇಂಕು ಒಂದು ನೀಲಿ ಗೆರೆಯಾಗಿ ಉಳಿದುಕೊಳ್ಳುತ್ತದೆ.

ರೇಷ್ಮೆಗೂಡು ಅವರೇ, ಮೆಡಿಕಲ್ ಸ್ಟೋರಿನ ಮೊದಲ ಟ್ಯೂಬು ಯಾವುದು ಅಂತ ಊಹಿಸಬಲ್ಲೆ. ಸ್ಟೀರಾಯ್ಡ್ ಬೆರೆತದ್ದು, ಅಲ್ವಾ? ಅದು ತುರಿಕೆಯನ್ನು ಅಡಗಿಸುತ್ತದೆ, ಹುಳಕ್ಕೆ ಏನೂ ಮಾಡುವುದಿಲ್ಲ. ಗುಳ್ಳೆಯ ರೂಪವೇ ಬದಲಾಗಿ, ಆಮೇಲೆ ನೋಡಿದ ಡಾಕ್ಟರಿಗೂ ಗುರುತು ಸಿಗದೆ ಹೋಗಬಹುದು. ಇದರಿಂದಲೂ ಎಷ್ಟೋ ಜನ ಲೆಕ್ಕ ತಪ್ಪುತ್ತಾರೆ.

ತೆಂಗಿನಗರಿ (ತಿಪಟೂರು)

ಮೇಡಂ, ನನ್ನದು ಮೆಡಿಕಲ್ ಸ್ಟೋರು. ಬೈಗುಳಕ್ಕೆ ತಲೆ ಕೊಡುತ್ತೇನೆ. ಚೀಟಿ ಇಲ್ಲದೆ ಆ ಟ್ಯೂಬು ಕೊಡಬಾರದು, ಗೊತ್ತು. ಆದರೆ ಗಿರಾಕಿ ಬಂದು ಅದರ ಹೆಸರೇ ಹೇಳುತ್ತಾರೆ. ನಾನು ಕೊಡದಿದ್ದರೆ ಪಕ್ಕದ ಅಂಗಡಿ ಇದೆ.

ಕೌಂಟರಿನ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ. ಪರ್ಮೆಥ್ರಿನ್ ಶೇ. 5ರ ಟ್ಯೂಬು 30 ಗ್ರಾಂ ಬರುತ್ತದೆ. ಒಬ್ಬ ದೊಡ್ಡ ಆಳಿಗೆ ಕತ್ತಿನಿಂದ ಅಂಗಾಲಿನವರೆಗೆ ಹಚ್ಚೋದಕ್ಕೆ ಸುಮಾರು ಅಷ್ಟೇ ಬೇಕು. ಐದು ಜನರ ಮನೆಯವರು ಬಂದು ಒಂದು ಟ್ಯೂಬು ಕೇಳುತ್ತಾರೆ. "ಗುಳ್ಳೆ ಇರೋ ಕಡೆ ಮಾತ್ರ ಹಚ್ಚಿದರೆ ಸಾಕಲ್ವಾ?" ಸಾಲದು ಅಂದರೆ, "ವ್ಯಾಪಾರದ ಬುದ್ಧಿ ತೋರಿಸಬೇಡಪ್ಪ" ಅನ್ನುತ್ತಾರೆ. ತಿಂಗಳು ಬಿಟ್ಟು ಅವರೇ ಮತ್ತೆ ಬರುತ್ತಾರೆ, ಔಷಧ ಡೂಪ್ಲಿಕೇಟು ಅಂತ ಜಗಳಕ್ಕೆ.

ನಮ್ಮಪ್ಪನ ಕಾಲದಲ್ಲಿ ಗ್ಯಾಮಾ ಬೆಂಜೀನ್ ಲೋಷನ್ ಓಡುತ್ತಿತ್ತು. ಚಿಕ್ಕ ಮಕ್ಕಳ ನರಕ್ಕೆ ಕೆಟ್ಟದ್ದು ಅಂತ ಅದು ಹಿಂದೆ ಬಿತ್ತು. ಅದಕ್ಕೂ ಮುಂಚೆ ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದರಂತೆ. ವಾಸನೆಗೆ ದನವೂ ಹತ್ತಿರ ಬರುತ್ತಿರಲಿಲ್ಲ ಅಂತ ಅಜ್ಜಿ ನಗುತ್ತಿದ್ದರು.

ಮಧುಗಿರಿ ಬಂಡೆ

ನಗಬೇಡಿ, ಗಂಧಕದ ಮುಲಾಮು ಇವತ್ತಿಗೂ ಪಟ್ಟಿಯಲ್ಲಿದೆ. ಎಳೆ ಕೂಸುಗಳಿಗೆ, ಬಸುರಿಯರಿಗೆ ಬರೆಯುತ್ತೇವೆ. ಆದರೆ ಅಳತೆ ಮಾಡಿ ತಯಾರಿಸಿದ್ದು. ಮನೆಯಲ್ಲಿ ಕಲಸಿ ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಶೇಂಗಾ ಗೌಡ (ಪಾವಗಡ)

ಐವರ್ಮೆಕ್ಟಿನ್ ಅಂತ ಒಂದು ಬರುತ್ತದಲ್ಲ, ಅದು ನಾವು ಕುರಿಗೆ ಕೊಡಿಸೋ ಇಂಜೆಕ್ಷನ್ನು. ಕುರಿಗೂ ಕಜ್ಜಿ ಬರುತ್ತದೆ, ಉಣ್ಣೆ ಉದುರಿ ಚಕ್ಕೆ ಕಟ್ಟುತ್ತದೆ. ಆ ಸೂಜಿಗೆ ಹತೋಟಿಗೆ ಬರುತ್ತದೆ. ನಮ್ಮೂರಲ್ಲಿ ಒಬ್ಬ ಅದನ್ನೇ ತನಗೂ ಚುಚ್ಚಿಕೊಳ್ಳೋದಕ್ಕೆ ಹೊರಟಿದ್ದ.

ಮಧುಗಿರಿ ಬಂಡೆ

ಅಯ್ಯೋ, ಅವರನ್ನು ತಡೆಯಿರಿ ಗೌಡ್ರೇ. ಕುರಿಯ ಡೋಸು ಬೇರೆ, ಮನುಷ್ಯರದು ಬೇರೆ. ನಮಗೆ ಮಾತ್ರೆ ಇದೆ. ತೂಕ ನೋಡಿ ಕೊಡಬೇಕು, ಕೆ.ಜಿ.ಗೆ 200 ಮೈಕ್ರೋಗ್ರಾಂ, ಒಂದೆರಡು ವಾರ ಬಿಟ್ಟು ಇನ್ನೊಂದು ಸಲ. 15 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಮತ್ತು ಬಸುರಿಯರಿಗೆ ಕೊಡುವುದಿಲ್ಲ.

ಕುರಿ, ನಾಯಿಗಳ ಕಜ್ಜಿ ಹುಳದ ತಳಿಯೂ ಬೇರೆ. ಕಜ್ಜಿ ನಾಯಿ ಮುಟ್ಟಿದರೆ ನಾಲ್ಕು ದಿನ ತುರಿಸಬಹುದು, ಆದರೆ ಆ ಹುಳ ನಮ್ಮ ಮೈಯಲ್ಲಿ ಸಂಸಾರ ಹೂಡುವುದಿಲ್ಲ. ಪಾಪದ ನಾಯಿಗಳಿಗೆ ಕಲ್ಲು ಹೊಡೆಯೋದು ನಿಲ್ಲಿಸಬಹುದು.

ನಂದಿ 1478

ಐವರ್ಮೆಕ್ಟಿನ್ ಮಾತು ಬಂತು, ಫಿಜಿಯ ಕಥೆ ಪೂರ್ತಿ ಮಾಡುತ್ತೇನೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

2012ರ ಸುಮಾರಿಗೆ ಅಲ್ಲಿಯ ಮೂರು ದ್ವೀಪ ಸಮುದಾಯ ತೆಗೆದುಕೊಂಡು, ಒಟ್ಟು ಎರಡು ಸಾವಿರದಷ್ಟು ಜನರ ಮೇಲೆ ನೋಡಿದರು. ಒಂದು ಕಡೆ ಎಂದಿನ ಥರ, ಕಜ್ಜಿ ಬಂದವರಿಗೂ ಅವರ ಹತ್ತಿರದವರಿಗೂ ಮಾತ್ರ ಮುಲಾಮು. ಇನ್ನೊಂದು ಕಡೆ ಕಜ್ಜಿ ಇರಲಿ ಬಿಡಲಿ ಊರಿನ ಎಲ್ಲರಿಗೂ ಮುಲಾಮು. ಮೂರನೇ ಕಡೆ ಎಲ್ಲರಿಗೂ ಐವರ್ಮೆಕ್ಟಿನ್ ಮಾತ್ರೆ. ವರ್ಷದ ಮೇಲೆ ನೋಡಿದರೆ, ಮೊದಲನೆಯ ಕಡೆ ಶೇ. 36.6 ಇದ್ದದ್ದು 18.8ಕ್ಕೆ ಬಂದಿತ್ತು. ಎಲ್ಲರಿಗೂ ಮುಲಾಮು ಕೊಟ್ಟ ಕಡೆ 41.7ರಿಂದ 15.8. ಮಾತ್ರೆ ಕೊಟ್ಟ ಕಡೆ 32.1ರಿಂದ 1.9. ಮೂವತ್ತೆರಡರಿಂದ ಎರಡಕ್ಕೆ!

ಈ ಸಂಶೋಧನೆ 2015ರಲ್ಲಿ ಪ್ರಕಟವಾಯಿತು. ಐವರ್ಮೆಕ್ಟಿನ್‌ನ ಮೂಲವನ್ನು ಜಪಾನಿನ ಮಣ್ಣಿನಲ್ಲಿ ಹುಡುಕಿದ ಸತೋಶಿ ಒಮುರಾ ಮತ್ತು ಅವರ ಜೊತೆ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಆನೆಕಾಲು, ಕುಷ್ಠ ಇರುವ ಪಟ್ಟಿ ಅದು.

ಎಣಿಕೆ ಯಾಕೆ ಬೇಕು ಅನ್ನುವುದು ಈಗ ಗೊತ್ತಾಗುತ್ತದೆ. ಒಂದು ಪ್ರದೇಶದಲ್ಲಿ ನೂರಕ್ಕೆ ಹತ್ತು ಜನ ದಾಟಿದರೆ, ಒಬ್ಬೊಬ್ಬರಿಗೇ ಔಷಧ ಕೊಡುವ ಬದಲು ಊರಿಗೇ ಕೊಡುವುದು ವಾಸಿ ಅಂತ ತಜ್ಞರ ಸಲಹೆ ಇದೆ. ಹತ್ತು ದಾಟಿದೆಯೋ ಇಲ್ಲವೋ ಅಂತ ಹೇಳೋದಕ್ಕೆ ಎಣಿಸಿರಬೇಕು. ಆಶಾ ಅಕ್ಕನ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಟೊಮೆಟೊ ಬಾಕ್ಸ್

ಕಾಲಂ ಇಲ್ಲ ಅಂದಮೇಲೆ ರೋಗವೂ ಇಲ್ಲ. ಸರ್ಕಾರಕ್ಕೆ ಸಲೀಸು.

ಒಂದು ಪ್ರಶ್ನೆ. ಹಾಸಿಗೆ, ದಿಂಬು, ಕಂಬಳಿ ಎಲ್ಲ ಸುಡಬೇಕಾ? ನಮ್ಮ ಪಕ್ಕದ ಮನೆಯವರು ಒಳ್ಳೇ ಕಂಬಳಿ ಎರಡು ಸುಟ್ಟರು.

ಮಧುಗಿರಿ ಬಂಡೆ

ಸುಡುವುದು ಬೇಡ. ಹುಳ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಅನ್ನುವ ಕೀಟತಜ್ಞ ಇದನ್ನೇ ಪರೀಕ್ಷೆ ಮಾಡಿದ. ಯುದ್ಧಕ್ಕೆ ಹೋಗಲ್ಲ ಅಂದ ಯುವಕರು ಸ್ವಯಂಸೇವಕರಾಗಿ ಬಂದರು. ಕಜ್ಜಿ ಬಂದ ಸೈನಿಕರು ಆಗತಾನೇ ಬಿಚ್ಚಿಟ್ಟ ಒಳಉಡುಪು, ಅವರು ಹೊದ್ದ ಕಂಬಳಿ ಕೊಟ್ಟು ಮಲಗಿಸಿದ. ಬಹುತೇಕ ಯಾರಿಗೂ ಬರಲೇ ಇಲ್ಲ. ಒಂದೇ ಹಾಸಿಗೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿದಾಗ ಬಂತು. ಇವತ್ತು ಇಂಥ ಪ್ರಯೋಗಕ್ಕೆ ಅನುಮತಿ ಸಿಗುವುದು ಕಷ್ಟ, ಆದರೆ ಕಲಿಸಿದ್ದು ಬಹಳ.

ಹಿಂದಿನ ಮೂರು ದಿನ ಉಟ್ಟ ಬಟ್ಟೆ, ಹೊದ್ದ ಹೊದಿಕೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲು ಆಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟುಬಿಡಿ. ಕಂಬಳಿ ಉಳಿಯುತ್ತದೆ.

ಕೊಳಕರಿಗೆ ಮಾತ್ರ ಬರುತ್ತದೆ ಅನ್ನುವುದೂ ಸುಳ್ಳು. ದಿನಕ್ಕೆ ಎರಡು ಸಲ ಸ್ನಾನ ಮಾಡಿದರೂ ಬಿಲದೊಳಗಿನ ಹುಳ ತೊಳೆದುಹೋಗುವುದಿಲ್ಲ. ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್‌ನಲ್ಲಿ ಈಚಿನ ವರ್ಷಗಳಲ್ಲಿ ಹರೆಯದವರಲ್ಲೇ ಜಾಸ್ತಿಯಾಗಿದೆ. ಅಲ್ಲಿ ನೀರಿಗೆ, ಸೋಪಿಗೆ ಬರವಿಲ್ಲ. ಒಂದೇ ಕೋಣೆಯಲ್ಲಿ ಎಷ್ಟು ಜನ ಒತ್ತಿಕೊಂಡು ಮಲಗುತ್ತಾರೆ ಅನ್ನುವುದು ಮುಖ್ಯ.

ಸಣ್ಣ ಕಾಯಿಲೆ ಅಂತ ಬಿಡಬೇಡಿ ಅಷ್ಟೇ. ಕೆರೆದ ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಅದರಲ್ಲಿ ಸ್ಟ್ರೆಪ್ಟೊಕಾಕಸ್ ಇದ್ದರೆ ಕೆಲವು ಮಕ್ಕಳಿಗೆ ಕೆಲವು ವಾರದ ಮೇಲೆ ಕಿಡ್ನಿಗೆ ಪೆಟ್ಟಾಗುತ್ತದೆ. ಮುಖ ಊದಿಕೊಂಡು, ಕಾಫಿ ಬಣ್ಣದ ಮೂತ್ರ ಮಾಡುತ್ತಾ ಬರುತ್ತಾರೆ. ಎಲ್ಲಿಂದ ಶುರುವಾಯಿತು ಅಂತ ಹಿಂದಕ್ಕೆ ಹೋದರೆ ಬೆರಳ ಸಂದಿಯ ಕಜ್ಜಿ.

ರೇಷ್ಮೆಗೂಡು

ಎಲ್ಲರಿಗೂ ಥ್ಯಾಂಕ್ಸ್. ಫಿಜಿ, ಇಂಗ್ಲೆಂಡ್ ಎಲ್ಲ ಅತ್ತೆಗೆ ಓದಿ ಹೇಳಿದೆ. "ಇಂಗ್ಲೆಂಡಿನವರಿಗೂ ಬರುತ್ತಾ?" ಅಂತ ಒಂದು ಸಲ ಕೇಳಿ ಸುಮ್ಮನಾದರು. ಆದರೆ ಹುಳದ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಯಜಮಾನರು "ಗೂಡು ಮಾರ್ಕೆಟ್ಟಿಗೆ ಹೋಗೋವರೆಗೆ ಆ ಟ್ಯೂಬು ಮನೆಯೊಳಗೆ ತರಬೇಡ" ಅಂತ ಪಟ್ಟು ಹಿಡಿದಿದ್ದಾರೆ. ಟ್ಯೂಬು ಸ್ಕೂಟರ್ ಡಿಕ್ಕಿಯಲ್ಲಿದೆ.

ಮಧುಗಿರಿ ಬಂಡೆ

ಕ್ಷಮಿಸಿ, ಅದು ತಪ್ಪಿಹೋಯಿತು. ಡಿಕ್ಕಿಯ ಬಿಸಿಲಲ್ಲಿ ಇಡಬೇಡಿ, ಕೆಡುತ್ತದೆ. ಯಜಮಾನರ ಭಯ ಸುಮ್ಮಸುಮ್ಮನೆ ಅಲ್ಲ. ಪರ್ಮೆಥ್ರಿನ್ ಥರದವು ರೇಷ್ಮೆ ಹುಳಕ್ಕೆ ವಿಷವೇ. ನಿಮ್ಮ ಡಾಕ್ಟರಿಗೆ ಹುಳದ ಮನೆ ಇದೆ ಅಂತ ಹೇಳಿದ್ದೀರಾ? ಹೇಳಿ. ಸೊಪ್ಪು ಮುಟ್ಟುವ ದೊಡ್ಡವರಿಗೆ ಮುಲಾಮಿನ ಬದಲು ಮಾತ್ರೆ ಕೊಡಬಹುದೇ ಅಂತ ಅವರು ನೋಡುತ್ತಾರೆ. ಮುಲಾಮು ಹಚ್ಚಿದವರು ಆ ರಾತ್ರಿ ಹುಳದ ಮನೆಗೂ ಸೊಪ್ಪಿನ ಕೋಣೆಗೂ ಹೋಗದಿರಲಿ. ಬೆಳಗ್ಗೆ ಸೋಪು ಹಾಕಿ ತಿಕ್ಕಿ ಸ್ನಾನ ಮಾಡಿ, ಬಟ್ಟೆ ಬದಲಿಸಲಿ. ಆ ಬಟ್ಟೆ, ಟವೆಲು, ಸ್ನಾನದ ನೀರು ಯಾವುದೂ ಹುಳ ಗೂಡು ಕಟ್ಟುವ ಚಂದ್ರಿಕೆಯ ಹತ್ತಿರ ಬರಬಾರದು.

ಶೇಂಗಾ ಗೌಡ

ಹುಳ ಸಾಕೋರಿಗೆ ಇದನ್ನು ಹೇಳಿಕೊಡಬೇಕಾ? ಒಂದು ಬೆಳೆ ಎದ್ದಮೇಲೆ ಮನೆ, ತಟ್ಟೆ, ಚಂದ್ರಿಕೆ ಎಲ್ಲಕ್ಕೂ ಒಂದೇ ಸಲ ಔಷಧ ಹೊಡೀತೀರಲ್ಲ, ಒಂದು ಮೂಲೆ ಬಿಟ್ಟರೆ ಮುಂದಿನ ಬೆಳೆ ಹೋಯ್ತು ಅಂತ. ಇದೂ ಅದೇ ಲೆಕ್ಕ. ಅತ್ತೇನ ಬಿಟ್ಟರೆ ಮೂಲೆ ಬಿಟ್ಟ ಹಾಗೆ.

ರೇಷ್ಮೆಗೂಡು

ಗೌಡ್ರೇ, ಈ ಮಾತನ್ನು ಹಾಗೇ ಯಜಮಾನರಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಎದ್ದು ಹೋಗಿ ಡಿಕ್ಕಿಯಿಂದ ಟ್ಯೂಬು ತಂದು ದೇವರ ಕೋಣೆಯ ಮಾಡದಲ್ಲಿ ಇಟ್ಟರು.

ರೇಷ್ಮೆಗೂಡು (ಮೂರು ವಾರದ ಮೇಲೆ)

ಆಮೇಲೆ ಏನಾಯಿತು ಅಂತ ಬರೆಯದೆ ಹೋಗುವವರನ್ನು ಕಂಡರೆ ನನಗಾಗಲ್ಲ, ಹಾಗಾಗಿ ಬಂದೆ.

ಡಾಕ್ಟರಿಗೆ ಹುಳದ ವಿಷಯ ಹೇಳಿದೆ. ನಮ್ಮ ಯಜಮಾನರಿಗೆ ಮತ್ತು ಸೊಪ್ಪು ಕುಯ್ಯೋದಕ್ಕೆ ಬರುವ ದಂಪತಿಗೆ ಮಾತ್ರೆ ಕೊಟ್ಟರು. ಉಳಿದವರಿಗೆ ಮುಲಾಮು. ನಾನು ಒಂದು ವಾರ ಹುಳದ ಮನೆ ಹೊಸ್ತಿಲು ದಾಟಲಿಲ್ಲ. ಮದುವೆಯಾದಮೇಲೆ ಅಷ್ಟು ದಿನ ರಜ ಸಿಕ್ಕಿದ್ದು ಇದೇ ಮೊದಲು. ಹುಳ ಹಣ್ಣಾಗಿ, ಗೂಡು ಕಟ್ಟಿ, ಬಿಡಿಸಿ ಮಾರ್ಕೆಟ್ಟಿಗೂ ಹೋಯಿತು. ಬೆಳೆಗೆ ಏನೂ ಆಗಲಿಲ್ಲ.

ಎರಡನೇ ಸುತ್ತು ಯಾಕೆ ಅಂತ ಡಾಕ್ಟರನ್ನು ಕೇಳಿದ್ದಕ್ಕೆ, ಮಾತ್ರೆ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಒಡೆದು ಬಂದ ಮರಿಗೆ ಇನ್ನೊಂದು ಸಲ ಬೇಕು ಅಂದರು. ಚಾಕಿ ಮಾಡಿದವಳಿಗೆ, ಅಂದರೆ ಮೊಟ್ಟೆ ಒಡೆದ ಎಳೆ ಹುಳ ಸಾಕಿದವಳಿಗೆ, ಇದನ್ನು ಎರಡು ಸಲ ಹೇಳಬೇಕಿಲ್ಲ. ಅದೂ ಮುಗಿಯಿತು. ಮಕ್ಕಳಿಗೆ ತುರಿಕೆ ಇನ್ನೂ ಸ್ವಲ್ಪ ಇದೆ. ಹುಳ ಸತ್ತಮೇಲೂ ಎರಡು ಮೂರು ವಾರ ಇರುತ್ತದೆ, ಸುಮ್ನೆ ಮತ್ತೆ ಮತ್ತೆ ಮುಲಾಮು ಹಚ್ಚಬೇಡಿ ಅಂದಿದ್ದಾರೆ.

ಶಾಲೆಗೂ ಫೋನ್ ಮಾಡಿದೆ. ಮೊದಲು "ನಮ್ಮಲ್ಲಿ ಅಂಥದ್ದೇನೂ ಇಲ್ಲಮ್ಮ" ಅಂದರು. ಮೇಷ್ಟ್ರ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಮಾರನೇ ವಾರ ಒಂದು ರಾತ್ರಿ ಇಡೀ ಡಾರ್ಮಿಟರಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಟ್ಟಿಗೆ ಹಚ್ಚಿಸಿದರಂತೆ. ಬೆಳಗ್ಗೆ ಸ್ನಾನಕ್ಕೆ ನೀರು ಸಾಲದೆ ಗಲಾಟೆ ಆಯಿತು ಅಂತ ಮಗ ಫೋನಲ್ಲಿ ನಗುತ್ತಿದ್ದ.

ಇನ್ನು ಅತ್ತೆ. ಹಚ್ಚಿಸಿಕೊಳ್ಳೋದಕ್ಕೆ ಒಪ್ಪಿದರು, ಆದರೆ ತಾವೇ ಹಚ್ಚಿಕೊಳ್ಳುತ್ತೇನೆ ಅಂದರು. ಬೆನ್ನಿಗೆ ಕೈ ಎಟುಕುವುದಿಲ್ಲವಲ್ಲ, ಕೊನೆಗೆ ಕರೆದರು. ದೀಪ ಹತ್ತಿರ ತಂದು ನೋಡಿದರೆ ಸೊಂಟದ ಸುತ್ತ, ಕಂಕುಳ ಹತ್ತಿರ ಎಲ್ಲ ಕೆರೆದ ಗುರುತು. ಒಣಗಿದವು, ಹಸಿಯವು ಎರಡೂ. "ಯಾವಾಗಿಂದ ಅತ್ತೆ?" ಅಂದೆ. "ಯುಗಾದಿ ಕಳೆದಮೇಲೆ" ಅಂದರು. ಮಗ ಊರಿಗೆ ಬಂದಿದ್ದು ಗಣೇಶನ ಹಬ್ಬಕ್ಕೆ. ಇವರ ಪಕ್ಕದಲ್ಲೇ ಮಲಗಿದ್ದವನು ಅವನು, ಬೇಸಿಗೆ ರಜ ಪೂರ್ತಿ.

ನಂದಿ 1478

ತಲೆಬರಹದಲ್ಲಿ ಇಬ್ಬರು ಅಂತ ಇದೆ ಮೇಡಂ, ಮೂರು ಮಾಡಿ.

ರೇಷ್ಮೆಗೂಡು

ನಾಲ್ಕು ಮೇಷ್ಟ್ರೇ. ನಮ್ಮ ಯಜಮಾನರು ಮಾತ್ರೆ ನುಂಗಿದಮೇಲೆ ಒಪ್ಪಿಕೊಂಡರು.